ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದರೂ ಇಂಜಿನ್ ಬಂದ್: ಸಣ್ಣ ವಿಮಾನಗಳ ಇಂಧನದ ಲೆಕ್ಕ

ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದು ಶ್ರೀನಿವಾಸ ಸರಡಗಿ ಕಡೆ ಹೋದರೆ ತಲೆ ಮೇಲೆ ಸಣ್ಣ ವಿಮಾನದ ಗುರ್ ಸದ್ದು ಕೇಳುವುದು ಈಗ ಹೊಸದೇನಲ್ಲ. 2019ರ ನವೆಂಬರ್ 22ಕ್ಕೆ ಇಲ್ಲಿನ ವಿಮಾನ ನಿಲ್ದಾಣ ಶುರುವಾಯಿತು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದವರು ಪೈಲಟ್ ತರಬೇತಿ ಶಾಲೆಗಳಿಗಾಗಿ ದೇಶದಲ್ಲಿ ಐದು ನಿಲ್ದಾಣ ಆರಿಸಿದರು. ಬೆಳಗಾವಿ, ಜಳಗಾಂವ್, ಖಜುರಾಹೊ, ಲೀಲಾಬಾರಿ ಜೊತೆ ಕಲಬುರಗಿಯ ಹೆಸರೂ ಇತ್ತು. ಬೀದರ್ ಮಂದಿಗೆ ವಾಯುಪಡೆಯ ಹಾಕ್ ಜೆಟ್‌ಗಳ ಸದ್ದು ಮೊದಲಿನಿಂದ ರೂಢಿ. ನಮಗೆ ಮಾತ್ರ ಈ ಸಣ್ಣ ಪ್ರೊಪೆಲರ್ ವಿಮಾನಗಳು ಇನ್ನೂ ತಲೆಯೆತ್ತಿ ನೋಡುವ ವಸ್ತು.

ಎಲ್ಲೋ ಒಂದು ಕಡೆ ತರಬೇತಿ ವಿಮಾನ ಹೊಲದಲ್ಲಿ ಇಳಿಯಿತು ಅಂತ ಟಿವಿಯಲ್ಲಿ ಬಂದರೆ ಚಹದಂಗಡಿಯಲ್ಲಿ ಮೊದಲು ಬರುವ ಪ್ರಶ್ನೆ ಒಂದೇ. "ಪೆಟ್ರೋಲ್ ಖಾಲಿ ಆಗ್ಯಾದೇನ್ರೀ?" ಕೂತವರು ನಗುತ್ತಾರೆ. ವಿಮಾನ ಅಂದ್ರೆ ಬೈಕ್ ಅಲ್ಲ, ಅಷ್ಟು ದಡ್ಡತನ ಯಾರು ಮಾಡುತ್ತಾರೆ ಅಂತ.

ಆದರೆ ಕೇಳಿದವರ ಪ್ರಶ್ನೆ ದಡ್ಡತನದ್ದಲ್ಲ. ಎನ್‌ಟಿಎಸ್‌ಬಿ ಎಂಬ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2017ರಲ್ಲಿ ಇದೇ ವಿಷಯದ ಮೇಲೆ ಪೈಲಟ್‌ಗಳಿಗೆ ಒಂದು ಎಚ್ಚರಿಕೆ ಹೊರಡಿಸಿತು. 2011ರಿಂದ 2015ರ ತನಕ ಅಲ್ಲಿ ವರ್ಷಕ್ಕೆ ಸರಾಸರಿ 50ಕ್ಕೂ ಜಾಸ್ತಿ ಸಣ್ಣ ವಿಮಾನಗಳು ಇಂಧನದ ನಿರ್ವಹಣೆಯಲ್ಲಿ ತಪ್ಪಾಗಿ ಅಪಘಾತಕ್ಕೆ ಒಳಗಾಗಿದ್ದವು. ವಾರಕ್ಕೆ ಒಂದು ಅಂತ ಇಟ್ಟುಕೊಳ್ಳಿ. ಅವುಗಳಲ್ಲಿ ನೂರಕ್ಕೆ 95ರಲ್ಲಿ ಮನುಷ್ಯನ ತಪ್ಪಿತ್ತು. ಯಂತ್ರವೊಂದೇ ಕೈಕೊಟ್ಟದ್ದು ಬಹಳ ಕಡಿಮೆ.

ನನಗೆ ಇದಕ್ಕಿಂತ ಆಶ್ಚರ್ಯ ತಂದ ಅಂಕಿ ಇನ್ನೊಂದು. ಈ ತಪ್ಪು ಮಾಡಿದವರಲ್ಲಿ ಕಲಿಯುವ ಹುಡುಗರು ನೂರಕ್ಕೆ 2ಕ್ಕಿಂತ ಕಡಿಮೆ. ಅರ್ಧದಷ್ಟು ಜನ ಕಮರ್ಷಿಯಲ್ ಅಥವಾ ಅದಕ್ಕೂ ಮೇಲಿನ ಲೈಸೆನ್ಸ್ ಇದ್ದವರು. ಅಂದರೆ ನೂರಾರು, ಸಾವಿರಾರು ಗಂಟೆ ಹಾರಿದವರು. ಗೊತ್ತಿಲ್ಲದೆ ಆದ ತಪ್ಪಲ್ಲ ಇದು. ಹಾಗಾದರೆ ಯಾಕೆ ಆಗುತ್ತದೆ?

ರಿಸರ್ವ್ ಎಂಬ ನಂಬಿಕೆ

ನಮ್ಮ ಕಾಕಾ ಒಬ್ಬರ ಹತ್ತಿರ ಹಳೇ ಬೈಕ್ ಇತ್ತು. ಹುಮನಾಬಾದ್‌ನಿಂದ ಬರುವಾಗ ಕಮಲಾಪುರದ ಹತ್ತಿರ ಅದು ಕೆಮ್ಮಿ ನಿಂತಿತು. ಕಾಕಾ ಎಡಗೈ ಕೆಳಗೆ ಹಾಕಿ ಪೆಟ್ರೋಲ್ ಕಾಕ್ ರಿಸರ್ವ್‌ಗೆ ತಿರುಗಿಸಲು ನೋಡಿದರು. ಅದು ಮೊದಲೇ ರಿಸರ್ವ್‌ನಲ್ಲಿತ್ತು. ಹದಿನೈದು ದಿನದ ಹಿಂದೆ ತಿರುಗಿಸಿದ್ದನ್ನು ವಾಪಸ್ ಹಾಕಲು ಮರೆತಿದ್ದರು. "ಇನ್ನಾ ಅದ ಅಂತ ತಿಳ್ಕೊಂಡಿದ್ದೆ ನೋಡು" ಅಂದರು. ಇಬ್ಬರೂ ಬಿಸಿಲಲ್ಲಿ ಗಾಡಿ ದಬ್ಬಿದೆವು.

ಸಣ್ಣ ವಿಮಾನಗಳ ಅರ್ಧ ಕಥೆ ಆ ಒಂದು ಮಾತಿನಲ್ಲಿದೆ. ಇನ್ನಾ ಅದ ಅಂತ ತಿಳ್ಕೊಳ್ಳೋದು.

ಬೈಕ್ ನಮ್ಮನ್ನು ಕೆಡಿಸಿದೆ. ಪೆಟ್ರೋಲ್ ಕಡಿಮೆಯಾದರೆ ಅದು ಮೊದಲು ಕೆಮ್ಮುತ್ತದೆ, ಆಮೇಲೆ ರಿಸರ್ವ್ ಕೊಡುತ್ತದೆ, ಅದೂ ಮುಗಿದರೆ ರಸ್ತೆ ಪಕ್ಕ ಸುಮ್ನೆ ನಿಲ್ಲುತ್ತದೆ. ಮೂರು ಸಲ ಕ್ಷಮಿಸುತ್ತದೆ. ವಿಮಾನದಲ್ಲಿ ರಿಸರ್ವ್ ಅನ್ನುವ ಕಾಕ್ ಇಲ್ಲ. ಪೈಲಟ್‌ಗಳೂ ರಿಸರ್ವ್ ಅನ್ನುವ ಶಬ್ದ ಬಳಸುತ್ತಾರೆ ನಿಜ. ಆದರೆ ಅದು ಕಾಗದದ ಮೇಲಿನ ಲೆಕ್ಕ. ಟ್ಯಾಂಕಿನೊಳಗೆ ಬೇರೆ ಪೈಪ್ ಹಾಕಿ ಯಾರೂ ಎತ್ತಿಟ್ಟಿರುವುದಿಲ್ಲ.

ಅಮೆರಿಕದ ನಿಯಮದ ಪ್ರಕಾರ ಹಗಲು ನೆಲ ನೋಡಿಕೊಂಡು ಹಾರುವ ವಿಮಾನದಲ್ಲಿ ಗುರಿ ಮುಟ್ಟಿದ ಮೇಲೆ ಇನ್ನೂ 30 ನಿಮಿಷಕ್ಕೆ ಸಾಕಾಗುವಷ್ಟು ಇಂಧನ ಇರಬೇಕು. ರಾತ್ರಿಯಾದರೆ 45 ನಿಮಿಷ. ಅಂತರರಾಷ್ಟ್ರೀಯ ನಿಯಮವೂ ಹತ್ತಿರ ಹತ್ತಿರ ಹೀಗೇ ಇದೆ. 30 ನಿಮಿಷ ಅಂದರೆ ಕೇಳಲು ಸಾಕಷ್ಟು ಅನ್ನಿಸುತ್ತದೆ. ನಮ್ಮ ಕಡೆಯ ನಕ್ಷೆಯ ಮೇಲೆ ಇಟ್ಟು ನೋಡಿ. ತರಬೇತಿಯ ಸಣ್ಣ ವಿಮಾನ ಗಂಟೆಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ಅರ್ಧ ಗಂಟೆಗೆ 100. ಕಲಬುರಗಿಯಲ್ಲಿ ಇರುವುದು ಒಂದೇ ರನ್‌ವೇ. ನೀವು ಇಳಿಯಲು ಬರುವಾಗ ಅದರ ಮೇಲೆ ಇನ್ನೊಂದು ವಿಮಾನದ ಟೈರ್ ಒಡೆದು ನಿಂತಿದೆ ಅಂದುಕೊಳ್ಳಿ. ಬೀದರ್ ನೇರ ದಾರಿಯಲ್ಲಿ 90 ಕಿಲೋಮೀಟರ್ ಆಸುಪಾಸು. ಕಷ್ಟಪಟ್ಟು ಮುಟ್ಟಬಹುದು, ಆದರೆ ಅದು ವಾಯುಪಡೆಯ ನೆಲೆ. ಸೊಲ್ಲಾಪುರ ಸುಮಾರು 115. ಮುಟ್ಟುವುದಿಲ್ಲ. ಕಾನೂನು ಪಾಲಿಸಿಯೂ ಇಳಿಯಲು ಜಾಗ ಇಲ್ಲದ ಹಾಗಾಗಬಹುದು. ಅದಕ್ಕೇ ಅನುಭವಸ್ಥ ಇನ್‌ಸ್ಟ್ರಕ್ಟರ್‌ಗಳು ಕಡಿಮೆ ಅಂದರೂ ಒಂದು ಗಂಟೆಯದ್ದು ಉಳಿದಿರಬೇಕು ಅನ್ನುತ್ತಾರೆ. ಅವರದ್ದು ಅತಿ ಎಚ್ಚರಿಕೆ ಅಂತ ನನಗೆ ಅನ್ನಿಸುವುದಿಲ್ಲ.

ಖಾಲಿ ಆಗುವುದು ಬೇರೆ, ಬರದೇ ಇರುವುದು ಬೇರೆ

ಇಂಧನದ ಅಪಘಾತಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ನಿಜವಾಗಿಯೂ ಖಾಲಿ. ಎನ್‌ಟಿಎಸ್‌ಬಿ ಲೆಕ್ಕದಲ್ಲಿ ಇವು ನೂರಕ್ಕೆ 56. ಎರಡನೆಯದು, ಟ್ಯಾಂಕಿನಲ್ಲಿ ಇದೆ, ಆದರೆ ಇಂಜಿನ್ ತನಕ ಬರುತ್ತಿಲ್ಲ. ಇವು ನೂರಕ್ಕೆ 35.

ಈ ಎರಡನೆಯದನ್ನು ಮೊದಲು ನೋಡೋಣ, ಯಾಕೆಂದರೆ ಕೇಳಿದವರಿಗೆ ನಂಬಿಕೆಯೇ ಬರುವುದಿಲ್ಲ. ಸಣ್ಣ ವಿಮಾನದ ಟ್ಯಾಂಕ್ ರೆಕ್ಕೆಗಳ ಒಳಗಿರುತ್ತದೆ. ಎಡಕ್ಕೊಂದು, ಬಲಕ್ಕೊಂದು. ಸೆಸ್ನಾ 172ರಲ್ಲಿ ರೆಕ್ಕೆ ಮೇಲಿದೆ, ಇಂಧನ ತಾನಾಗಿಯೇ ಕೆಳಗಿಳಿಯುತ್ತದೆ. ಸೆಲೆಕ್ಟರ್ ಅನ್ನುವ ಹಿಡಿಕೆಯಲ್ಲಿ ಎಡ, ಬಲ, ಎರಡೂ ಅಂತ ಆಯ್ಕೆ ಇರುತ್ತದೆ. ಎರಡೂ ಅಂತ ಇಟ್ಟರೆ ಅರ್ಧ ತಲೆನೋವು ಹೋಯಿತು. ಪೈಪರ್‌ನಂಥ ವಿಮಾನಗಳಲ್ಲಿ ರೆಕ್ಕೆ ಕೆಳಗಿದೆ. ಪಂಪ್ ಎಳೆದುಕೊಳ್ಳಬೇಕು. ಅಲ್ಲಿ ಎರಡೂ ಅನ್ನುವ ಆಯ್ಕೆ ಇಲ್ಲ. ಎಡ ಅಥವಾ ಬಲ. ಗಡಿಯಾರ ನೋಡಿಕೊಂಡು ಪೈಲಟ್ ತಾನೇ ಬದಲಿಸುತ್ತಿರಬೇಕು. ಮರೆತರೆ ಎಡದ್ದು ಬತ್ತಿ ಇಂಜಿನ್ ನಿಲ್ಲುತ್ತದೆ, ಬಲದ್ದು ತುಂಬಿ ತುಳುಕುತ್ತಿರುತ್ತದೆ. ಎತ್ತರದಲ್ಲಿದ್ದರೆ ಹಿಡಿಕೆ ತಿರುಗಿಸಿದರಾಯಿತು, ಕೆಲವು ಸೆಕೆಂಡಿನಲ್ಲಿ ಇಂಜಿನ್ ಮತ್ತೆ ಹಿಡಿದುಕೊಳ್ಳುತ್ತದೆ. ಇನ್ನೇನು ಇಳಿಯುವ ಹೊತ್ತಿಗೆ ಆದರೆ ಆ ಕೆಲವು ಸೆಕೆಂಡೂ ಕೈಯಲ್ಲಿ ಇರುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಕಾಕ್ ಬಂದ್ ಮಾಡಿದ ಬೈಕ್ ಕೂಡ ಸ್ಟಾರ್ಟ್ ಆಗುತ್ತದೆ, ಸ್ವಲ್ಪ ದೂರ ಓಡುತ್ತದೆ, ಅಲ್ವಾ? ಕಾರ್ಬೊರೇಟರ್‌ನಲ್ಲಿ ಉಳಿದಿದ್ದು ಮುಗಿಯುವ ತನಕ. ವಿಮಾನವೂ ಹಾಗೇ. ಸೆಲೆಕ್ಟರ್ ಬಂದ್ ಇದ್ದರೂ ಪೈಪಿನಲ್ಲಿದ್ದ ಇಂಧನದಿಂದ ಇಂಜಿನ್ ನಡೆಯುತ್ತದೆ, ರನ್‌ವೇ ತನಕ ಬರುತ್ತದೆ, ಕೆಲವೊಮ್ಮೆ ನೆಲವನ್ನೂ ಬಿಡುತ್ತದೆ. ಆಮೇಲೆ ನಿಲ್ಲುತ್ತದೆ. ಟೇಕಾಫ್‌ಗೆ ಸ್ವಲ್ಪ ಮುಂಚೆ ಟ್ಯಾಂಕ್ ಬದಲಿಸಬೇಡಿ ಅಂತ ಕಲಿಸುವುದು ಇದಕ್ಕೇ. ಬದಲಿಸಿದ ಟ್ಯಾಂಕಿನಲ್ಲಿ ಏನೋ ತೊಂದರೆ ಇದ್ದರೆ ಅದು ಗೊತ್ತಾಗುವುದು ಮರಗಳ ಎತ್ತರಕ್ಕೆ ಹೋದ ಮೇಲೆ.

ಹಿಡಿಕೆ ಎಲ್ಲಿದೆ ಅನ್ನುವುದೂ ಜೀವ ತೆಗೆಯಬಹುದು. ಅಮೆರಿಕದ ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಯಲ್ಲಿ ವಿಮಾನ ಬಿದ್ದು ತೀರಿಕೊಂಡರು. ಅವರು ಹೊಸಬರಲ್ಲ, 2,700 ಗಂಟೆಗೂ ಜಾಸ್ತಿ ಹಾರಿದ್ದವರು. ಆದರೆ ವಿಮಾನ ಅವರಿಗೆ ಹೊಸದು. ಲಾಂಗ್ ಈಜಿ ಎಂಬ, ಹವ್ಯಾಸಿಗಳು ಮನೆಯಲ್ಲೇ ಕಟ್ಟಿಕೊಳ್ಳುವ ಬಗೆ. ಮೂಲ ವಿನ್ಯಾಸದಲ್ಲಿ ಸೆಲೆಕ್ಟರ್ ಪೈಲಟ್‌ನ ಕಾಲುಗಳ ನಡುವೆ ಬರಬೇಕು. ಅದನ್ನು ಕಟ್ಟಿದವರು ಎಡ ಭುಜದ ಹಿಂದೆ ಇಟ್ಟಿದ್ದರು. ಅದನ್ನು ತಿರುಗಿಸಬೇಕಾದರೆ ಕೂತಲ್ಲೇ ಹಿಂದಕ್ಕೆ ಹೊರಳಬೇಕು. ಹಾಗೆ ಹೊರಳಿದಾಗ ವಿಮಾನದ ಮೂತಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ರಡ್ಡರ್ ಪೆಡಲನ್ನು ಕಾಲು ತಾನಾಗಿಯೇ ಒತ್ತಿ ವಿಮಾನ ಹತೋಟಿ ತಪ್ಪಿರಬಹುದು ಎಂಬುದು ತನಿಖೆಯಲ್ಲಿ ಕಂಡುಬಂದ ವಿಷಯ. ಹಾರುವ ಮುಂಚೆ ಇಂಧನದ ಲೆಕ್ಕ ಸರಿಯಾಗಿ ಹಾಕದಿದ್ದದ್ದೂ ಕಾರಣಗಳ ಪಟ್ಟಿಯಲ್ಲಿ ಸೇರಿತು.

ದೊಡ್ಡಬಳ್ಳಾಪುರದ ಹತ್ತಿರ ಮುಗಿಯುವ ಲೆಕ್ಕ

ಈಗ ನಿಜವಾಗಿಯೂ ಖಾಲಿ ಆಗುವ ಬಗೆ. ಹೊಸ ಸೆಸ್ನಾ 172ರ ಟ್ಯಾಂಕಿಗೆ ಒಟ್ಟು 56 ಅಮೆರಿಕನ್ ಗ್ಯಾಲನ್ ಹಿಡಿಸುತ್ತದೆ. ಬಳಸಲು ಬರುವುದು 53. ಉಳಿದ 3 ಗ್ಯಾಲನ್, ಅಂದರೆ ಸುಮಾರು 11 ಲೀಟರ್, ಎಣ್ಣೆ ಡಬ್ಬಿಯ ತಳದಲ್ಲಿ ಅಂಟಿಕೊಂಡ ಹಾಗೆ. ಇದೆ, ಆದರೆ ಇಂಜಿನ್ ಪಾಲಿಗೆ ಇಲ್ಲ.

ಟ್ಯಾಂಕ್ ಪೂರ್ತಿ ತುಂಬಿಸಿಬಿಟ್ಟರೆ ಆಯಿತಲ್ಲ ಅನ್ನಬಹುದು. ಯಾವಾಗಲೂ ಆಗುವುದಿಲ್ಲ. 200 ಲೀಟರ್ ವಿಮಾನ ಪೆಟ್ರೋಲ್ ತೂಕವೇ 144 ಕಿಲೋ, ಹತ್ತಿರ ಹತ್ತಿರ ಇಬ್ಬರು ಮನುಷ್ಯರಷ್ಟು. ಮೇ ತಿಂಗಳ ಕಲಬುರಗಿ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. 42 ಡಿಗ್ರಿಯಲ್ಲಿ ಗಾಳಿ ತೆಳುವಾಗುತ್ತದೆ, ಇಂಜಿನ್ ದಣಿಯುತ್ತದೆ, ರೆಕ್ಕೆ ಎತ್ತುವುದು ಕಡಿಮೆಯಾಗುತ್ತದೆ. ಹಾಗಾಗಿ ಬೇಕಾದಷ್ಟೇ ಹಾಕಿಕೊಂಡು ಹೊರಡುವ ರೂಢಿ ಇದೆ. ಈ 'ಬೇಕಾದಷ್ಟೇ' ಅನ್ನುವಲ್ಲಿ ಲೆಕ್ಕ ತಪ್ಪುತ್ತದೆ.

ಒಂದು ಉದಾಹರಣೆ ಮಾಡೋಣ. ಕಲಬುರಗಿಯಿಂದ ಬೆಂಗಳೂರಿನ ಜಕ್ಕೂರು. ನೇರ ದಾರಿ ಸುಮಾರು 475 ಕಿಲೋಮೀಟರ್. ಗಂಟೆಗೆ 200ರಂತೆ ಎರಡು ಗಂಟೆ 20 ನಿಮಿಷ ಚಿಲ್ಲರೆ. ಗಂಟೆಗೆ 35 ಲೀಟರ್ ಅಂದರೂ 83 ಲೀಟರ್ ಸಾಕು. ಅರ್ಧ ಗಂಟೆಯ ರಿಸರ್ವ್ ಸೇರಿಸಿದರೆ 100ರ ಮೇಲೆ ಒಂದು. ಎಚ್ಚರಿಕೆಯ ಪೈಲಟ್ ಇನ್ನೂ 30 ಲೀಟರ್ ಸೇರಿಸಿ ಟ್ಯಾಂಕಿನಲ್ಲಿ 130 ಇಟ್ಟುಕೊಂಡು ಹೊರಟ ಅನ್ನಿ. ಧಾರಾಳ ಆಯಿತಲ್ಲ?

ಮಳೆಗಾಲದ ನೈಋತ್ಯ ಗಾಳಿ ಎದುರಿಗೆ ಗಂಟೆಗೆ 40 ಕಿಲೋಮೀಟರ್ ಸಿಕ್ಕಿತು. ನೆಲದ ಲೆಕ್ಕದಲ್ಲಿ ವಿಮಾನ ಈಗ 160ಕ್ಕೆ ಇಳಿಯಿತು. ಪ್ರಯಾಣ ಮೂರು ಗಂಟೆ. ಜೊತೆಗೆ ಮಿಕ್ಸ್ಚರ್ ಹಿಡಿಕೆ, ಅಂದರೆ ಇಂಜಿನ್‌ಗೆ ಹೋಗುವ ಗಾಳಿ ಮತ್ತು ಇಂಧನದ ಬೆರಕೆ ಹೊಂದಿಸುವಂಥದ್ದು. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಅದಕ್ಕೆ ತಕ್ಕ ಹಾಗೆ ಇಂಧನವನ್ನೂ ಕಡಿಮೆ ಮಾಡಿಕೊಳ್ಳಬೇಕು. ವಿಮಾನದ ಪುಸ್ತಕದಲ್ಲಿ ಬರೆದ ಅಂಕಿ ಹೀಗೆ ಕಡಿಮೆ ಮಾಡಿದಾಗಿನದ್ದು. ನಮ್ಮ ಪೈಲಟ್ ಅದನ್ನು ಮುಟ್ಟಲೇ ಇಲ್ಲ. ಗಂಟೆಗೆ 42 ಲೀಟರ್ ಕುಡಿಯಿತು ಅಂದುಕೊಳ್ಳಿ. ಒಟ್ಟು ಬೇಕಾದದ್ದು 125 ಲೀಟರ್. ಇದ್ದದ್ದು 130. ಅದರಲ್ಲಿ ತಳದ 11 ಕಳೆಯಿರಿ. 119.

ಆರು ಲೀಟರ್ ಕಡಿಮೆ. ಜಕ್ಕೂರಿಗೆ ಇನ್ನೂ 22 ಕಿಲೋಮೀಟರ್ ಇರುವಾಗ, ದೊಡ್ಡಬಳ್ಳಾಪುರದ ಆಸುಪಾಸಿನಲ್ಲಿ ಇಂಜಿನ್ ನಿಲ್ಲುತ್ತದೆ. ಒಂದೂ ದೊಡ್ಡ ತಪ್ಪಾಗಿಲ್ಲ ನೋಡಿ. ಗಾಳಿ, ಒಂದು ಹಿಡಿಕೆ, ತಳದ ಎಣ್ಣೆ. ಮೂರು ಸಣ್ಣವು ಒಂದೇ ದಿನ ಒಟ್ಟಾದವು. ದಾರಿಯಲ್ಲಿ ಬಳ್ಳಾರಿ ಜಿಲ್ಲೆಯ ವಿದ್ಯಾನಗರದಲ್ಲೋ ಇನ್ನೆಲ್ಲೋ ಇಳಿದು ತುಂಬಿಸಿಕೊಳ್ಳಬಹುದಿತ್ತು. ಇಳಿಯುವುದಿಲ್ಲ. ಇಳಿದರೆ ತಡ, ಖರ್ಚು, ಜೊತೆಯವರ ಮುಂದೆ ಮುಜುಗರ. ತರಬೇತಿಯಲ್ಲಿ ಒಂದು ಗಂಟೆ ಹಾರಾಟಕ್ಕೆ ಹತ್ತು ಸಾವಿರಕ್ಕೂ ಜಾಸ್ತಿ ಬೀಳುವಾಗ, ಹೊಲ ಮಾರಿ ದುಡ್ಡು ಕಟ್ಟಿದ ಅಪ್ಪನ ಮುಖ ನೆನಪಾಗುವಾಗ, ವಾಪಸ್ ತಿರುಗುವ ಮನಸ್ಸು ಯಾರಿಗೆ ಬರುತ್ತದೆ?

ಅದೇ ಗುಣ ದೊಡ್ಡವರಲ್ಲೂ ಇದೆ. 2016ರ ನವೆಂಬರ್ 28ರಂದು ಬ್ರೆಜಿಲ್‌ನ ಶಾಪೆಕೊಯೆನ್ಸೆ ಫುಟ್‌ಬಾಲ್ ತಂಡವನ್ನು ಕೊಲಂಬಿಯಾಕ್ಕೆ ಕರೆದೊಯ್ಯುತ್ತಿದ್ದ ವಿಮಾನ ಇಂಧನ ಮುಗಿದು ಬಿತ್ತು. 77 ಜನರಲ್ಲಿ 71 ಜನ ಸತ್ತರು. ಅಂಚಿಗೆ ಅಂಚು ಕೂಡಿಸಿದ ಲೆಕ್ಕದ ಮೇಲೆ ಹೊರಟ ವಿಮಾನ ಅದು.

ಕಡ್ಡಿ, ಗಡಿಯಾರ, ಲೀಟರ್

ಇಂಧನದ ಮೀಟರ್ ಇರುತ್ತದಲ್ಲ, ನೋಡಬಾರದೇ? ನೋಡಬಹುದು, ನಂಬಬಾರದು. ರೆಕ್ಕೆಯೊಳಗಿನ ಟ್ಯಾಂಕ್ ಅಗಲ, ಆಳ ಕಡಿಮೆ. ಒಳಗೊಂದು ತೇಲುವ ಬೆಂಡು. ವಿಮಾನ ವಾಲಿದರೆ, ಗಾಳಿಗೆ ಕುಲುಕಿದರೆ ಮುಳ್ಳು ಕುಣಿಯುತ್ತದೆ. ಅದಕ್ಕೇ ಪೈಲಟ್‌ಗಳು ಹಾರುವ ಮುಂಚೆ ಮುಚ್ಚಳ ತೆಗೆದು ಕಡ್ಡಿ ಇಳಿಸಿ ನೋಡುತ್ತಾರೆ. ನಮ್ಮ ಟ್ರ್ಯಾಕ್ಟರ್ ಡ್ರೈವರ್‌ಗಳು ಡೀಸೆಲ್ ಟ್ಯಾಂಕಿಗೆ ಕಡ್ಡಿ ಹಾಕಿ ಬೆರಳಲ್ಲಿ ಗುರುತು ಹಿಡಿದು ನೋಡುವುದಿಲ್ಲವೇ, ಅದೇ ವಿದ್ಯೆ. ವಿಮಾನದ ಕಡ್ಡಿಗೆ ಅಂಕಿ ಕೊರೆದಿರುತ್ತಾರೆ. ಒಂದೇ ಷರತ್ತು, ಆ ಕಡ್ಡಿ ಆ ವಿಮಾನದ್ದೇ ಆಗಿರಬೇಕು, ವಿಮಾನ ಸಮ ನೆಲದ ಮೇಲೆ ನಿಂತಿರಬೇಕು. ಬೇರೆ ಮಾದರಿಯ ಕಡ್ಡಿ ಇಳಿಸಿದರೆ ಅದು ಸುಳ್ಳು ಹೇಳುತ್ತದೆ.

ಆಮೇಲೆ ಆ ಮುಚ್ಚಳ. ಸರಿಯಾಗಿ ಕೂರಿಸದೆ ಬಿಟ್ಟರೆ ಹಾರುವಾಗ ರೆಕ್ಕೆಯ ಮೇಲಿನ ಕಡಿಮೆ ಒತ್ತಡ ಇಂಧನವನ್ನು ಹೊರಗೆ ಎಳೆದು ಹಾಕುತ್ತದೆ. ಲೆಕ್ಕ ಸರಿ, ಕಡ್ಡಿ ಸರಿ, ಪೆಟ್ರೋಲ್ ಮಾತ್ರ ಗಾಳಿಪಾಲು.

ಗಾಳಿಯಲ್ಲಿ ನಂಬಬೇಕಾದದ್ದು ಕೈಗಡಿಯಾರ. ಇಷ್ಟು ಲೀಟರ್ ಇತ್ತು, ಗಂಟೆಗೆ ಇಷ್ಟು, ಹಾಗಾಗಿ ಇಷ್ಟು ಹೊತ್ತಿಗೆ ನೆಲದ ಮೇಲಿರಬೇಕು. ತರಬೇತಿ ಶಾಲೆಯಲ್ಲಿ ಒಂದೇ ವಿಮಾನವನ್ನು ಬೆಳಗಿನಿಂದ ಸಂಜೆ ತನಕ ನಾಲ್ಕೈದು ಜನ ಹಾರಿಸುತ್ತಾರೆ. "ನಾ ಒಂದ್ ತಾಸು ಹಾರಿಸೀನಿ, ಇನ್ನಾ ಎರಡು ತಾಸಿಂದ ಅದ" ಅಂತ ಬಾಯಿಮಾತಲ್ಲಿ ಹೇಳಿ ಇಳಿದು ಹೋದರೆ ಮುಗಿಯಿತು. ಆ ಒಂದು ತಾಸಿನಲ್ಲಿ ಹುಡುಗ ಹತ್ತು ಸಲ ಇಳಿದು ಏರಿದ್ದರೆ ಪ್ರತಿ ಸಲವೂ ಪೂರ್ತಿ ಥ್ರಾಟಲ್. ನೇರ ಹಾರುವುದಕ್ಕಿಂತ ಬಹಳ ಜಾಸ್ತಿ ಕುಡಿದಿರುತ್ತದೆ. ಪುಸ್ತಕದಲ್ಲಿ ಬರೆದು, ಕಡ್ಡಿ ಇಳಿಸಿ, ಮತ್ತೆ ಬರೆಯುವ ಶಾಲೆ ಯಾವುದು, ಬಾಯಿಮಾತಲ್ಲಿ ನಡೆಸುವ ಶಾಲೆ ಯಾವುದು ಅಂತ ಮಗನನ್ನು ಸೇರಿಸುವ ಮುಂಚೆ ಅಪ್ಪ ಅಮ್ಮ ಕೇಳಬೇಕು. ಹೊಳೆಯುವ ಬ್ರೋಷರ್‌ಗಿಂತ ಆ ಎಣ್ಣೆ ಕಲೆಯ ಪುಸ್ತಕ ನನಗೆ ಮುಖ್ಯ ಅನ್ನಿಸುತ್ತದೆ.

ಅಳತೆಯ ಗೊಂದಲವೂ ಕಡಿಮೆಯೇನಿಲ್ಲ. ನಮ್ಮಲ್ಲಿ ಇಂಧನ ಲೀಟರ್‌ನಲ್ಲಿ ಬರುತ್ತದೆ. ಅಮೆರಿಕದ ವಿಮಾನದ ಪುಸ್ತಕ ಗ್ಯಾಲನ್ ಅನ್ನುತ್ತದೆ, ತೂಕಕ್ಕೆ ಪೌಂಡ್ ಕೇಳುತ್ತದೆ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ಇಂಥದ್ದೇ ಗೊಂದಲಕ್ಕೆ ಸಿಕ್ಕಿತು. ಬೇಕಾದದ್ದು 22,300 ಕಿಲೋ. ಲೀಟರನ್ನು ತೂಕಕ್ಕೆ ಬದಲಿಸುವಾಗ ಕಿಲೋದ ಅಂಕಿಯ ಬದಲು ಪೌಂಡಿನ 1.77 ಬಳಸಿದರು. ಅರ್ಧಕ್ಕಿಂತ ಕಡಿಮೆ ಇಂಧನ ಇಟ್ಟುಕೊಂಡು ಹಾರಿದರು. ನಡುದಾರಿಯಲ್ಲಿ ಎರಡೂ ಇಂಜಿನ್ ನಿಂತವು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಇಂಜಿನ್ ಇಲ್ಲದ ಗ್ಲೈಡರ್ ಹಾರಿಸಿ ಪಳಗಿದ್ದವರು. ಗಿಮ್ಲಿ ಎಂಬಲ್ಲಿನ ಹಳೇ ವಾಯುಪಡೆ ರನ್‌ವೇ ಮೇಲೆ ತೇಲಿಸಿಕೊಂಡು ಬಂದು ಇಳಿಸಿದರು. ಒಳಗಿದ್ದ 69 ಜನರೂ ಉಳಿದರು. ಆ ದಿನ ಅದೇ ರನ್‌ವೇಯಲ್ಲಿ ಕಾರ್ ರೇಸ್ ನಡೆದಿತ್ತು ಅನ್ನುವುದು ಕಥೆಯ ಇನ್ನೊಂದು ತಮಾಷೆ.

ನೀರಿನ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಟ್ರ್ಯಾಕ್ಟರ್ ಇಟ್ಟವರಿಗೆ ಇದು ಗೊತ್ತೇ ಇದೆ. ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ಕೂತ ಹಾಗೆ ವಿಮಾನದ ಟ್ಯಾಂಕಿನ ತಳದಲ್ಲೂ ನೀರು ಕೂರುತ್ತದೆ. ಪ್ರತಿ ದಿನ ಮೊದಲ ಹಾರಾಟಕ್ಕೆ ಮುಂಚೆ, ಇಂಧನ ತುಂಬಿದ ಮೇಲೆ ಮತ್ತೆ, ರೆಕ್ಕೆಯ ಕೆಳಗಿನಿಂದ ಪಾರದರ್ಶಕ ಬಟ್ಟಲಿಗೆ ಸ್ವಲ್ಪ ಇಳಿಸಿ ನೋಡಬೇಕು. ಬಣ್ಣವೂ ನೋಡಬೇಕು. ಪೆಟ್ರೋಲ್ ಇಂಜಿನ್ ವಿಮಾನಗಳ ಎವಿಗ್ಯಾಸ್ 100 ಎಲ್‌ಎಲ್ ನೀಲಿ. ಮೊದಲು ಇದು ಹೊರದೇಶದಿಂದ ಬರುತ್ತಿತ್ತು, 2022ರಲ್ಲಿ ಇಂಡಿಯನ್ ಆಯಿಲ್ ಇಲ್ಲೇ ತಯಾರಿಸಿ ಬಿಡುಗಡೆ ಮಾಡಿತು. ಜೆಟ್ ಇಂಧನಕ್ಕೆ ಹೀಗೆ ಬಣ್ಣ ಹಾಕುವುದಿಲ್ಲ. ಡೀಸೆಲ್ ಬಗೆಯ ಇಂಜಿನ್ ಇರುವ ತರಬೇತಿ ವಿಮಾನಗಳು ಜೆಟ್ ಇಂಧನವನ್ನೇ ಕುಡಿಯುತ್ತವೆ. ಎರಡೂ ಬಗೆ ಒಂದೇ ನಿಲ್ದಾಣದಲ್ಲಿದ್ದರೆ ತುಂಬುವವರು ಮೈಯೆಲ್ಲ ಕಣ್ಣಾಗಿರಬೇಕು.

ತೊಗರಿ ಹೊಲದ ಮೇಲೆ

ಇಷ್ಟಾಗಿಯೂ ಇಂಜಿನ್ ನಿಂತರೆ? ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ. ಸೆಸ್ನಾ 172 ಒಂದು ಮೀಟರ್ ಇಳಿಯುವಷ್ಟರಲ್ಲಿ ಸುಮಾರು 9 ಮೀಟರ್ ಮುಂದೆ ತೇಲುತ್ತದೆ. 900 ಮೀಟರ್ ಎತ್ತರದಲ್ಲಿದ್ದರೆ ಸುತ್ತಲೂ 8 ಕಿಲೋಮೀಟರ್ ದೂರದ ತನಕ ಜಾಗ ಹುಡುಕಬಹುದು. ನಮ್ಮ ಬಯಲು ಸೀಮೆ ಈ ವಿಷಯದಲ್ಲಿ ಸ್ವಲ್ಪ ದಯೆ ತೋರಿಸುತ್ತದೆ. ಜನವರಿ ಮುಗಿದು ತೊಗರಿ ಕಟಾವಾದ ಮೇಲೆ ಹೊಲಗಳು ಬಯಲಾಗಿರುತ್ತವೆ. ಆಗಸ್ಟ್‌ನಲ್ಲಿ ಕಥೆ ಬೇರೆ. ಎರೆ ಮಣ್ಣು ಹಸಿಯಾಗಿ ಮುಂದಿನ ಚಕ್ರವನ್ನು ಹಿಡಿದು ವಿಮಾನವನ್ನೇ ಮಗುಚಿ ಹಾಕಬಹುದು. ಮೇಲಿನಿಂದ ಕಾಣದ ಕರೆಂಟ್ ವೈರ್ ಎಲ್ಲ ಕಾಲದಲ್ಲೂ ಇರುತ್ತವೆ.

ಹೀಗೆ ವಿಮಾನ ಇಳಿದರೆ ಮೊದಲು ಓಡಿ ಬರುವವರು ಹೊಲದಲ್ಲಿ ಕೆಲಸ ಮಾಡುತ್ತಿದ್ದವರು. ಒಳಗಿನವರನ್ನು ಹೊರಗೆ ತರುವುದು ಮೊದಲ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಬೀಡಿ ಸಿಗರೇಟ್ ದೂರ ಇಡಬೇಕು. ಟ್ಯಾಂಕ್ ಖಾಲಿ ಅಂತ ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಶುರುವಾಗುವುದು ಸೆಲ್ಫಿ, ಒಳಗೆ ಹತ್ತಿ ಹಿಡಿಕೆ ತಿರುಗಿಸಿ ನೋಡುವುದು. ಅಲ್ಲೇ ತನಿಖೆ ಹಾಳಾಗುತ್ತದೆ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ 2012ರಿಂದ ವಿಮಾನ ಅಪಘಾತ ತನಿಖಾ ಬ್ಯೂರೊ ಇದೆ. ಬಂದವರು ಮೊದಲು ನೋಡುವುದು ಸೆಲೆಕ್ಟರ್ ಯಾವ ಕಡೆ ತಿರುಗಿದೆ ಅಂತ. ಪ್ರೊಪೆಲರ್ ರೆಕ್ಕೆಗಳು ತಿರುಚಿದ್ದರೆ ನೆಲಕ್ಕೆ ಬಡಿದಾಗ ಇಂಜಿನ್ ನಡೆಯುತ್ತಿತ್ತು, ಹೆಚ್ಚು ಕಡಿಮೆ ನೆಟ್ಟಗಿದ್ದರೆ ನಿಂತಿತ್ತು. ಟ್ಯಾಂಕ್ ಒಡೆದಿದ್ದರೆ ಸುತ್ತಲಿನ ಬೆಳೆಯನ್ನೂ ನೋಡುತ್ತಾರೆ. ಪೆಟ್ರೋಲ್ ಚೆಲ್ಲಿದ ಕಡೆ ಎಲೆ ಬಣ್ಣಗೆಟ್ಟು ಸುಟ್ಟ ಹಾಗಾಗುತ್ತದೆ. ಟ್ಯಾಂಕ್ ಒಡೆದೂ ತೊಗರಿ ಹಸಿರಾಗಿಯೇ ಉಳಿದಿದ್ದರೆ ಒಳಗೆ ಏನೂ ಇರಲಿಲ್ಲ ಅಂತ ಅರ್ಥ. ಹೊಲದವರು ಹಾಳಾದ ಗಿಡ ಕಿತ್ತು ಬದುವಿಗೆ ಎಸೆಯುವ ಮುಂಚೆ ಆ ಜಾಗದ ಒಂದು ಫೋಟೊ ತೆಗೆದಿಟ್ಟುಕೊಂಡರೆ ಬಂದವರಿಗೆ ಅದೂ ಸಾಕ್ಷಿಯಾಗುತ್ತದೆ.